ಎಡೆಗೆ ಸೊಪ್ಪು

ನಮ್ಮ ಮನೆಯಲ್ಲಿ ಸೊಪ್ಪು ಎಂದರೆ ಮೀನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಯಾವ ಜಗಳದ ಮಾತಾಡುತ್ತಿದ್ದೇನೆಂದು ಯಾರಿಗೂ ತಿಳಿಯುವುದಿಲ್ಲ. ಎಲ್ಲ ಮೀನೂ ಸೊಪ್ಪಲ್ಲ. ಸಂತೆಯ ಬಂಗುಡೆ, ಮತ್ತಿ, ಕೆರೆಯ ಕಾಟ್ಲಾ, ಇವಕ್ಕೆಲ್ಲ ಅವುಗಳ ಹೆಸರೇ ಇದೆ. ಕಾವೇರಿ ಹೊಳೆಯ ಬಿಳಿಮೀನು ಮಾತ್ರ ಸೊಪ್ಪು. ಆ ಜಾತಿ ಅಳಿದುಹೋಗುತ್ತಿದೆ, ಹಿಡಿಯಬೇಡಿ ಎಂದು ಹೊಳೆದಂಡೆಯಲ್ಲಿ ಬೋರ್ಡು ನೆಟ್ಟ ಮೇಲೆ ಫೋನಿನಲ್ಲಿ ಆಡಲು ನಮಗೊಂದು ಮಾತು ಬೇಕಾಯಿತು. ಆಟಿ ತಿಂಗಳ ಹದಿನೆಂಟನೇ ದಿನ ಇಡೀ ಕೊಡಗೇ ಮದ್ದುಸೊಪ್ಪು ಹುಡುಕಿಕೊಂಡು ಬೇಲಿಸಾಲು ಸುತ್ತುತ್ತದೆ. ಅಂಥ ಊರಲ್ಲಿ ಸೊಪ್ಪಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಈ ಜಾಣತನ ನನ್ನ ಮೈದುನನದು. ಅವನು ಸಿದ್ದಾಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಎಳೆ ಸೊಪ್ಪು ಎಂದರೆ ಚಿಕ್ಕ ಮೀನು, ಬಲಿತ ಸೊಪ್ಪು ಎಂದರೆ ದೊಡ್ಡದು ಎಂದು ಅವನೇ ವ್ಯಾಕರಣವನ್ನೂ ಮಾಡಿಕೊಟ್ಟಿದ್ದ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಳೆ ಪಕ್ಕ ಬೇಸಾಯಕ್ಕೆ ನಿಂತ ಮನೆತನ. ನಾನು ಸೊಸೆಯಾಗಿ ಬಂದಾಗ ಈ ಮನೆಯ ದೊಡ್ಡಡುಗೆ ಎಂದರೆ ಬಿಳಿಮೀನಿನ ಹುಳಿಸಾರು. ಕರಿಮೆಣಸು, ಕೊತ್ತಂಬರಿ, ಸುಟ್ಟ ಈರುಳ್ಳಿ ಅರೆದು, ಕೊನೆಗೆ ಕಾಚಂಪುಳಿ ಬಿಡುವುದು. ಕಾಚಂಪುಳಿ ಎಂದರೆ ಹಣ್ಣಿನ ರಸವನ್ನು ಕಪ್ಪಗಾಗುವ ತನಕ ಕುದಿಸಿ ಇಳಿಸಿದ ಹುಳಿ. ಹಾಸನದವರಿಗೆ ಅದೆಲ್ಲಿ ಗೊತ್ತಿತ್ತು? ಪಕ್ಕದ ಕೊಡವರ ಮನೆಯ ಅಜ್ಜಿಯಿಂದ ನನ್ನ ಅತ್ತೆ ಕಲಿತದ್ದು. ಮಾವನವರಿಗೆ ತಲೆಯ ತುಂಡೇ ಬೇಕು. ಅದನ್ನು ಚೀಪುತ್ತಾ ಕೂತರೆ ಮನೆಗೆ ಯಾರು ಬಂದರು, ಯಾರು ಹೋದರು ಎಂಬ ಪರಿವೆ ಇರುತ್ತಿರಲಿಲ್ಲ. ನಾನೂ ತಿಂದಿದ್ದೇನೆ, ತಟ್ಟೆ ನೆಕ್ಕಿದ್ದೇನೆ. ಅದಕ್ಕಾಗಿ ಯಾರ ಮುಂದೆಯೂ ಗಲ್ಲ ಬಡಿದುಕೊಳ್ಳಲು ನಾನು ತಯಾರಿಲ್ಲ. ಹೊಳೆಯಲ್ಲಿ ಇತ್ತು, ತಿಂದೆವು. ಬಹಳ ರುಚಿಯಾಗಿತ್ತು.

ಇತ್ತು ಎಂದರೆ ಹೇಗಿತ್ತು! ಮನೆ ಹಿಂದಿನ ಹೊಳೆಮೆಟ್ಟಿಲಲ್ಲಿ ಕೂತು ಪಾತ್ರೆ ಬೆಳಗಿದರೆ ಮರಿಗಳು ಕಾಲ್ಬೆರಳು ಕಚ್ಚುತ್ತಿದ್ದವು. ಮಾವ ಸಂಜೆ ಉಳಿದ ಅನ್ನ ತೆಗೆದುಕೊಂಡು ಹೋಗಿ ತಂಬಿಗೆಯಿಂದ ಕಲ್ಲಿಗೆ ಟಣ್ ಟಣ್ ಎಂದು ಬಡಿಯುತ್ತಿದ್ದರು. ಸದ್ದು ಕೇಳಿದ್ದೇ ದೊಡ್ಡವು ಮಡುವಿನಿಂದ ಬಾಯಿ ತೆರೆದುಕೊಂಡು ಬರುತ್ತಿದ್ದವು. ಮಳೆಗಾಲದ ಕೆಂಪು ನೀರಿನಲ್ಲೂ ಬರುತ್ತಿದ್ದವು. ಅವರು ತೀರಿಕೊಂಡಾಗ ಬೂದಿಯನ್ನು ಅದೇ ಮೆಟ್ಟಿಲಲ್ಲಿ ಬಿಟ್ಟೆವು. ಅಂದಿನಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಬೆಳೆಯಿತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟ ಮೇಲೆ, ಮಾವನ ಎಲೆಯಿಂದ ಒಂದು ಹಿಡಿ ಅನ್ನವನ್ನು ಅತ್ತೆ ಹೊಳೆಗೆ ಕೊಂಡೊಯ್ಯುತ್ತಾರೆ. ತಂಬಿಗೆ ಬಡಿಯುತ್ತಾರೆ. ಮೀನು ಬಂದು ತಿಂದರೆ ಮಾವ ಉಂಡ ಹಾಗೆ. ಆಮೇಲೆ ನಮಗೆ ಊಟ. ಅವರಿಗಿಷ್ಟವಾದದ್ದನ್ನೇ ಎಡೆಗೆ ಇಡಬೇಕಲ್ಲ, ಹಾಗಾಗಿ ಎಲೆಯ ನಡುವೆ ಬಿಳಿಮೀನಿನ ತಲೆ. ಅಂದರೆ ಎಲೆಯ ಮೇಲೂ ಅದೇ ಮೀನು, ಹೊಳೆಯಲ್ಲಿ ಉಣ್ಣಲು ಬರುವುದೂ ಅದೇ ಮೀನು. ಬಹಳ ವರ್ಷ ನಮಗ್ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಆಮೇಲೆ ತೋಟೆ ಬಂತು. ಮಡುವಿಗೆ ಸಿಡಿಮದ್ದು ಎಸೆದು, ತೇಲಿದ್ದನ್ನು ಚೀಲಕ್ಕೆ ತುಂಬುವ ಶೂರರು ಬಂದರು. ಬೇಸಗೆಯಲ್ಲಿ ಬ್ಲೀಚಿಂಗ್ ಪೌಡರ್ ಸುರಿಯುವವರು ಬಂದರು. ಕಾಫಿ ಹಣ್ಣು ಕೊಯ್ಯುವ ಕಾಲಕ್ಕೆ, ಸಿಪ್ಪೆ ಸುಲಿಯುವ ಪಲ್ಪರ್ ತೊಳೆದ ಕಂದು ನೀರನ್ನು ತೊರೆಗೆ ಬಿಡುವ ದೊಡ್ಡ ಮನುಷ್ಯರಂತೂ ಮೊದಲಿನಿಂದಲೂ ಇದ್ದರು. ನನ್ನ ಮಾವನ ಒಂದು ಗಾಳದಿಂದ ಹೊಳೆ ಬರಿದಾಗಲಿಲ್ಲ. ಅದನ್ನು ಯಾರು ಬೇಕಾದರೂ ಬರಲಿ, ಎದುರಿಗೆ ನಿಂತು ಹೇಳುತ್ತೇನೆ. ಆದರೆ ಬರಿದಾದದ್ದು ನಿಜ. ಬರಿದು ಮಾಡಿದವರು ಬೇರೆ, ಉಳಿದ ಒಂದೆರಡನ್ನು ಮಾತ್ರ ನಾವು ತಿನ್ನುತ್ತೇವೆ ಎನ್ನುವುದು ಯಾವ ನ್ಯಾಯ?

ನಮ್ಮ ಮನೆಯ ಹಿಂಬದಿಯ ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಒಮ್ಮೆ ಪೇಟೆಯಿಂದ ಬಂದ ಒಬ್ಬ ಅತಿಥಿ, ಕುತ್ತಿಗೆಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡವರು, ಊಟದ ಮೇಜಿನಲ್ಲಿ ನನಗೆ ಪಾಠ ಮಾಡಿದರು. ಅಳಿವಿನಂಚಿನ ಪ್ರಾಣಿಗಳನ್ನು ಸಂಪ್ರದಾಯದ ಹೆಸರಿನಲ್ಲಿ ನೀವೆಲ್ಲ ತಿಂದು ಮುಗಿಸುತ್ತಿದ್ದೀರಿ ಎಂದರು. ನಾನು ಕೋಳಿಸಾರು ಬಡಿಸುತ್ತಾ ಕೇಳಿಸಿಕೊಂಡೆ. ಕೈತೊಳೆಯಲು ಹಿಂದೆ ಬಂದವರು ದನಿ ತಗ್ಗಿಸಿ, "ಮೇಡಂ, ಆ ಬಿಳಿಮೀನು ಎಲ್ಲಾದ್ರೂ ಸಿಗುತ್ತಾ? ಮುಗಿದುಹೋಗೋ ಮೊದ್ಲು ಒಂದ್ಸಲ ಟೇಸ್ಟ್ ನೋಡ್ಬೇಕಿತ್ತು" ಎಂದರು. ಟವೆಲ್ ಕೊಡಲು ಚಾಚಿದ್ದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡೆ. ಅಂಗಿಗೆ ಒರೆಸಿಕೊಳ್ಳಿ ಎಂದೆ.

ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಮುಗಿಯುವ ಮೊದಲು ಒಂದು ಸಲ. ನಮ್ಮ ಮನೆಯ ಎಡೆಯೂ ಈಗ ಅದೇ ಅಲ್ಲವೇ? ವರ್ಷಕ್ಕೊಂದೇ ಸಲ, ಮಾವನಿಗಾಗಿ, ಪದ್ಧತಿಗಾಗಿ ಎನ್ನುತ್ತೇವೆ. ಹೊಳೆಯುದ್ದಕ್ಕೂ ಇರುವ ಎಲ್ಲ ಮನೆಗಳಲ್ಲೂ ಒಬ್ಬೊಬ್ಬ ಮಾವ ಇದ್ದಾರೆ.

ಆ ವರ್ಷ ಅಮಾವಾಸ್ಯೆಗೆ ಮುಂಚೆ ಮೈದುನ ಫೋನು ಮಾಡಿದ. ಅತ್ತೆ ಪಕ್ಕದಲ್ಲೇ ಹೂಬತ್ತಿ ಹೊಸೆಯುತ್ತಾ ಕಿವಿ ಕೊಟ್ಟು ಕೂತಿದ್ದರು.

"ಅತ್ಗೆ, ಸೊಪ್ಪು ಸಿಕ್ಕದೆ. ಎಳೇದಲ್ಲ, ಚೆನ್ನಾಗಿ ಬಲ್ತಿರೋದು. ಎಡೆ ದಿವ್ಸ ಫಸ್ಟ್ ಬಸ್ಸಿಗೇ ತತ್ತೀನಿ."

"ಸೊಪ್ಪು ನಮ್ಮ ಹಿತ್ಲಲ್ಲೇ ಅದೆ. ನೀನು ಬರೀ ಕೈಲಿ ಬಾ" ಎಂದೆ.

"ಅಯ್ಯೋ, ಆ ಸೊಪ್ಪಲ್ಲ ಅತ್ಗೆ..."

"ಮತ್ತೆ ಯಾವ ಸೊಪ್ಪು? ಹೆಸ್ರು ಹೇಳು, ನೋಡನ."

ಅವನು ಹೇಗೆ ಹೇಳುತ್ತಾನೆ? ತಾನು ಹೆಣೆದ ಬಲೆಗೆ ತಾನೇ ಬಿದ್ದಿದ್ದ. ಹಲೋ ಹಲೋ ಎಂದು ನೆಟ್‌ವರ್ಕಿನ ಮೇಲೆ ಗೂಬೆ ಕೂರಿಸಿ ಫೋನಿಟ್ಟ. ಅತ್ತೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲವೂ ಅರ್ಥವಾಗಿತ್ತು.

ಎಡೆಯ ದಿನ ಬೆಳಗ್ಗೆ ಹಿತ್ತಲಿನ ಕೆಸುವಿನ ಸೊಪ್ಪು ಕೊಯ್ದೆ. ಮೀನಿಗೆ ಅರೆಯುವ ಮಸಾಲೆಯನ್ನೇ ಅರೆದೆ, ಒಂದು ಕಾಳು ಮೆಣಸೂ ಕಡಿಮೆ ಮಾಡಲಿಲ್ಲ. ಕೆಸುವಿಗೆ ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಕಾಚಂಪುಳಿಯನ್ನು ಕೈ ಬಿಚ್ಚಿ ಹಾಕಿದೆ. ಸೊಪ್ಪು ಕರಗಿ ಕಪ್ಪಗೆ ಕುದಿಯುತ್ತಿದ್ದಾಗ ಮೈದುನ ಗೋಣಿಚೀಲ ಹಿಡಿದು ಬಂದ, ಅಡುಗೆಮನೆ ಹೊಸ್ತಿಲಲ್ಲೇ ಬಿಚ್ಚಿದ. ತೋಳುದ್ದದ ಮೀನು, ಅಂಗೈಯಗಲದ ಹುರುಪೆ. "ಹೊಟ್ಟೆ ತುಂಬ ತತ್ತಿ ಅದೆ ಅತ್ಗೆ, ಮುಟ್ಟಿ ನೋಡಿ. ಅಪ್ಪಯ್ಯಂಗೆ ತತ್ತಿ ಹುರಿದ್ರೆ ಎಷ್ಟಿಷ್ಟ" ಎಂದ. ನನಗೆ ಆಸೆ ಹುಟ್ಟಿಸಲು ಹೇಳಿದ ಮಾತು ಅದು. ನನಗೆ ಮೈಯೆಲ್ಲ ಉರಿಯಿತು.

"ಇದು ಈ ಹೊಸ್ತಿಲು ದಾಟಲ್ಲ" ಎಂದೆ.

"ಸತ್ತಿರೋ ಮೀನು ಅತ್ಗೆ. ನೀವು ಬೇಯಿಸಿದ್ರೂ ಸತ್ತದೆ, ಬಿಸಾಕಿದ್ರೂ ಸತ್ತದೆ."

"ಇದು ಸತ್ತದೆ. ಮುಂದಿನ ವರ್ಷದ್ದು ಇನ್ನೂ ಸತ್ತಿಲ್ಲ. ಇವತ್ತು ನಾನು ಒಲೆ ಮೇಲಿಟ್ರೆ ನೀನು ನಾಳೆನೇ ಅದಕ್ಕೂ ಹೇಳಿಡ್ತೀಯ."

ಅತ್ತೆ ಒಳಗಿಂದ ಬಂದರು. ಮೀನನ್ನು ನೋಡಿದರು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. "ಸತ್ತೋರಿಗೂ ಕಾನೂನು ಮಾಡ್ತೀಯಾ?" ಎಂದು ಕೇಳಿದರು.

"ಸತ್ತೋರಿಗಲ್ಲ ಅತ್ತೆ, ಬೇಯಿಸೋಳಿಗೆ."

"ಅವ್ರು ವರ್ಷಕ್ಕೊಂದ್ಸಲ ಬರೋದು ಕಣೆ" ಎಂದರು. ಬೈಯಲಿಲ್ಲ, ಬರೀ ಅಷ್ಟೇ ಅಂದರು. "ಹಸ್ಕೊಂಡು ಬಂದೋರ ಮುಂದೆ ಕೆಸಿನ ಸೊಪ್ಪಿಡ್ತೀಯಲ್ಲ."

ಬೈದಿದ್ದರೆ ನನಗೆ ಸುಲಭವಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಊರು ನನ್ನನ್ನು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ಆದರೆ ಈ ಹೆಂಗಸು ಒಂದು ವರ್ಷ ಕಾದು, ಇಲ್ಲದ ಗಂಡನಿಗೆ ಒಂದು ಹೊತ್ತು ಬಡಿಸುವವರು. ಅದನ್ನು ನಾನು ಕಸಿಯುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಆದರೂ ಸೌಟು ಕೆಳಗಿಡಲಿಲ್ಲ. ನನ್ನ ಗಂಡ ಜಗಲಿಯಲ್ಲಿ ಬಾಳೆಎಲೆಯನ್ನು ಒರೆಸಿದ್ದೇ ಒರೆಸುತ್ತಿದ್ದರು. ಯಾರ ಪಕ್ಷವೂ ಬೇಡವಾದಾಗ ಅವರಿಗೆ ಯಾವಾಗಲೂ ಒಂದು ಕೆಲಸ ಸಿಗುತ್ತದೆ.

ಮೈದುನ ಚೀಲ ಕಟ್ಟಿಕೊಂಡು ಮುಂದಿನ ಬಸ್ಸಿಗೆ ಹೋದ. ಎಡೆಯನ್ನು ನನ್ನ ಮನೆಯಲ್ಲೇ ಇಡುತ್ತೇನೆ, ಅಪ್ಪಯ್ಯ ಎಲ್ಲಿಗೆ ಬರುತ್ತಾರೋ ನೋಡೋಣ ಎಂದು ಗೇಟಿನಿಂದ ಕೂಗಿದ. ಅತ್ತೆಯನ್ನೂ ಕರೆದ. ಅವರು ಹೋಗಲಿಲ್ಲ. ನನ್ನ ಮೇಲಿನ ಪ್ರೀತಿಯಿಂದಲ್ಲ, ಮಾವನ ಬೂದಿ ಬಿಟ್ಟ ಮೆಟ್ಟಿಲು ಇಲ್ಲಿತ್ತು, ಅದಕ್ಕೆ.

ಎಡೆ ಇಟ್ಟೆವು. ತಲೆಯ ತುಂಡು ಇರುತ್ತಿದ್ದ ಜಾಗದಲ್ಲಿ ಕೆಸುವಿನ ಸಾರು ಬಡಿಸಿದೆ. ಅತ್ತೆ ಆ ಕಡೆ ನೋಡದೆ ಕೈಮುಗಿದರು. ಆಮೇಲೆ ಒಂದು ಹಿಡಿ ಅನ್ನ ಕಲಸಿಕೊಂಡು, ತಂಬಿಗೆ ಹಿಡಿದು ಹೊಳೆಗೆ ಹೊರಟರು. ಮೊಣಕಾಲು ನೋವು, ಒಬ್ಬರನ್ನೇ ಕಳಿಸುವ ಹಾಗಿಲ್ಲ. ನಾನು ಹಿಂದೆ ಹೋದೆ. ಅವರು ನನ್ನ ಕೈ ಹಿಡಿಯಲಿಲ್ಲ, ಬೇಲಿಗೂಟಗಳನ್ನು ಹಿಡಿದುಕೊಂಡು ಇಳಿದರು.

ತಂಬಿಗೆ ಬಡಿದರು. ಅನ್ನ ಬಿಟ್ಟರು. ಅನ್ನದ ಅಗುಳು ಕೆಂಪು ನೀರಿನ ಮೇಲೆ ಸ್ವಲ್ಪ ಸುತ್ತಿ, ಹಾಗೇ ತೇಲಿಹೋಯಿತು.

"ನೋಡ್ದಾ? ಸೊಪ್ಪಿಟ್ಟಿದ್ದಕ್ಕೆ ಅವ್ರು ಮುಟ್ಲಿಲ್ಲ" ಎಂದರು.

"ಹೋದ ವರ್ಷ ಮೀನಿನ ತಲೆನೇ ಇಟ್ಟಿದ್ವಲ್ಲ ಅತ್ತೆ" ಎಂದೆ. "ಅವತ್ತು ಬಂದ್ರಾ?"

ಹೋದ ವರ್ಷವೂ ಅನ್ನ ಹೀಗೇ ತೇಲಿಹೋಗಿತ್ತು. ನೀರು ಜಾಸ್ತಿಯಾಗಿದೆ, ಕಾಣಲಿಲ್ಲ ಅಷ್ಟೇ ಎಂದು ಅವರೇ ಮನೆಗೆ ಬಂದು ಹೇಳಿದ್ದರು. ಅದರ ಹಿಂದಿನ ವರ್ಷವೂ ಏನೋ ಒಂದು ಹೇಳಿದ್ದರು. ನಾವು ಹೂಂ ಎಂದು ಊಟಕ್ಕೆ ಕೂತಿದ್ದೆವು, ಮೀನಿನ ಊಟಕ್ಕೆ.

ಅತ್ತೆ ಮತ್ತೆ ತಂಬಿಗೆ ಬಡಿದರು, ಈ ಸಲ ಜೋರಾಗಿ, ಮಾವ ಬಡಿಯುತ್ತಿದ್ದ ಅದೇ ಕಲ್ಲಿಗೆ. ಆಚೆ ದಡದ ಬಿದಿರಿನಿಂದ ಕೊಕ್ಕರೆ ಎದ್ದು ಹಾರಿತು. ನೀರು ಮಿಸುಕಲಿಲ್ಲ. ತಂಬಿಗೆಯ ಅಂಚು ನೆಗ್ಗಿತು. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು, ಬೆರಳಿಗೆ ಅಂಟಿದ್ದ ಅಗುಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ಹಾಕಿದರು.

"ಯಾರೂ ಇಲ್ಲ ಕಣೆ" ಎಂದರು.

ನನಗೆ ಗೆದ್ದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ, ಸಿಟ್ಟು ಮಾತ್ರ ಇನ್ನೂ ಉರಿಯುತ್ತಿತ್ತು. ತೋಟೆ ಎಸೆದವರ ಮೇಲೆ, ಟೇಸ್ಟ್ ನೋಡುವವರ ಮೇಲೆ, ಸೊಪ್ಪು ಎಂಬ ಒಳ್ಳೆಯ ಪದವನ್ನು ಕೆಡಿಸಿದ ನಮ್ಮ ಜಾಣತನದ ಮೇಲೆ. ಅತ್ತೆಯ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದೆ. ಈ ಸಲ ಹಿಡಿದುಕೊಂಡರು.

"ಹಂಗಾದ್ರೆ ಮುಂದಿನ ವರ್ಷ?" ಎಂದು ಕೇಳಿದರು.

"ತಂಬಿಗೆ ಬಡೀರಿ, ಅನ್ನ ಬಿಡಿ. ಅವು ಬಂದು ತಿನ್ನೋ ತನಕ ಈ ಮನೇಲಿ ಸೊಪ್ಪೇ" ಎಂದೆ.