ಬಾಯಿಲ್ಲದ ಅತಿಥಿ

ನಮ್ಮ ಮನೆಗೆ ಬಂದವರು ಬರಿಹೊಟ್ಟೆಯಲ್ಲಿ ಹೋದದ್ದಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೂ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಟ್ಟೇ ಕಳಿಸುವವಳು ನಾನು. ಉಡುಪಿ ಕಡೆಯ ಅಭ್ಯಾಸ; ಒಮಾನಿನ ಸಲಾಲಾಕ್ಕೆ ಬಂದು ಹದಿನೆಂಟು ವರ್ಷವಾದರೂ ಬಿಟ್ಟಿಲ್ಲ. "ನಿನ್ನ ಕೈಗೆ ಸಿಕ್ಕಿದವರು ತಿನ್ನದೆ ಪಾರಾಗುವುದುಂಟಾ ಮಾರಾಯ್ತಿ?" ಎಂದು ಬಂದರಿನಲ್ಲಿ ಕ್ರೇನ್ ನಡೆಸುವ ನನ್ನ ಗಂಡ ತಮಾಷೆ ಮಾಡುತ್ತಾರೆ. ಮಾಡಲಿ.

ಹೋದ ವರ್ಷದ ಮಳೆಗಾಲದಲ್ಲಿ ಮಗಳು ಅಂಗಳದ ಬೋರೆ ಮರದಿಂದ ಐದು ಹುಳುಗಳನ್ನು ಎಲೆಸಮೇತ ಒಳಗೆ ತಂದಳು. ಬೆರಳಿನ ಗಾತ್ರ, ಎಳೆ ಹಸಿರು, ಮೈಮೇಲೆ ಬಣ್ಣಬಣ್ಣದ ಗುಬುಟುಗಳು. ಆಫ್ರಿಕಾದ ಚಕ್ರವರ್ತಿ ಪತಂಗದ ಮರಿಗಳು ಎಂದು ಅವಳ ವಿಜ್ಞಾನದ ಟೀಚರ್ ಹೇಳಿದರಂತೆ. ಚಕ್ರವರ್ತಿಯೋ ಸಾಮಂತನೋ, ಹೊತ್ತುಗೊತ್ತಿಲ್ಲದೆ ಕರಕರ ತಿಂದು ನನ್ನ ಮನಸ್ಸನ್ನಂತೂ ಗೆದ್ದವು. ಎಲೆಯ ಮೇಲೆ ಧೂಳಿದೆಯೆಂದು ನಾನು ಕೊತ್ತಂಬರಿ ಸೊಪ್ಪಿನಂತೆ ಉಪ್ಪುನೀರಿನಲ್ಲಿ ತೊಳೆದು ಕೊಟ್ಟೆ. ನಾಲ್ಕು ಸತ್ತವು. ಮಗಳು ಎರಡು ದಿನ ಮಾತು ಬಿಟ್ಟಳು.

ಉಳಿದ ಒಂದು ಹುಳು ರೆಂಬೆಗೆ ಬೆಳ್ಳಿ ಬಣ್ಣದ ಗೂಡು ಕಟ್ಟಿ ಒಳಗೆ ಸೇರಿಕೊಂಡಿತು. ತಿಂಗಳುಗಟ್ಟಲೆ ಅಲುಗಾಡಲಿಲ್ಲ. ಸತ್ತಿದೆ ಎಂದೆ ನಾನು. ಮಳೆಗೆ ಕಾಯುತ್ತಿದೆ ಎಂದಳು ಅವಳು. ಈ ವರ್ಷದ ಮಳೆಯೂ ಮುಗಿಯುತ್ತ ಬಂದಾಗ ಶಾಲೆಯ ಕ್ವಿಜ್‌ಗೆಂದು ಮೂರು ದಿನ ಮಸ್ಕತ್‌ಗೆ ಹೊರಟಳು. "ಅಮ್ಮ, ಪ್ಲೀಸ್, ಅದನ್ನು ನೋಡ್ಕೊ" ಎಂದು ಬಾಗಿಲಲ್ಲಿ ಎರಡೆರಡು ಸಲ ಹೇಳಿ ಹೋದಳು.

ಅದೇ ಮಧ್ಯಾಹ್ನ ಗೂಡು ಒದ್ದೆಯಾಗಿ, ಒಳಗಿಂದ ಮುದುಡಿದ ಜೀವವೊಂದು ಹೊರಬಂತು. ಸಂಜೆಯೊಳಗೆ ರೆಕ್ಕೆ ಬಿಡಿಸಿತು. ನನ್ನ ಅಂಗೈಗಿಂತ ದೊಡ್ಡದು, ಕಂದು ಬಣ್ಣದ ರೆಕ್ಕೆಗಳಲ್ಲಿ ಗಾಜಿನಂಥ ಪುಟ್ಟ ಕಿಟಕಿಗಳು. ಬೆಕ್ಕು ಹಿಡಿದೀತೆಂದು ಹಾಲ್‌ನ ಕಿಟಕಿಗಳನ್ನೆಲ್ಲ ಮುಚ್ಚಿ ಎ.ಸಿ. ಹಾಕಿದೆ. ತಟ್ಟೆಯಲ್ಲಿ ಬೆಲ್ಲದ ನೀರಿಟ್ಟೆ. ಮುಟ್ಟಲಿಲ್ಲ. ಜೇನಿಟ್ಟೆ, ಬಾಳೆಹಣ್ಣಿಟ್ಟೆ, ಖರ್ಜೂರ ಕಿವುಚಿಟ್ಟೆ. ಇದೂ ಸತ್ತರೆ ಮಗಳಿಗೆ ಯಾವ ಮುಖ ತೋರಿಸಲಿ ಎಂದು ನನಗೇ ಊಟ ಸೇರಲಿಲ್ಲ.

ಮೂರನೆಯ ಸಂಜೆ ಮಗಳು ಬಂದವಳು ಬ್ಯಾಗನ್ನೂ ಇಳಿಸದೆ ತಟ್ಟೆಗಳ ಸಾಲನ್ನು ನೋಡಿದಳು.

"ಅಮ್ಮಾ! ಎಂತ ಮಾಡಿದ್ದು ನೀನು? ಇಟ್ ಹ್ಯಾಸ್ ನೋ ಮೌತ್!"

ತಿನ್ನುವುದೆಲ್ಲ ಹುಳುವಾಗಿದ್ದಾಗಲೇ ಮುಗಿಯಿತಂತೆ. ಪತಂಗಕ್ಕೆ ಇರುವುದು ಹೆಚ್ಚೆಂದರೆ ಒಂದು ವಾರ. ಇದು ಹೆಣ್ಣು, ಅಷ್ಟರೊಳಗೆ ಜೊತೆ ಸಿಕ್ಕಿ ಮೊಟ್ಟೆ ಇಡಬೇಕು. ಇದರ ವಾಸನೆ ಹಿಡಿದು ಗಂಡು ಎಲ್ಲಿಂದಲೋ ಹುಡುಕಿಕೊಂಡು ಬರುತ್ತದೆ. "ಕಿಟಕಿ ಬಂದ್ ಮಾಡಿಟ್ಟರೆ ಯಾರು ಬರ್ತಾರೆ?" ಎಂದು ಮಗಳು ಅತ್ತಳು. ಅದರ ಅರ್ಧ ಆಯುಷ್ಯವನ್ನು ನಾನು ಉಪಚಾರ ಮಾಡಿಯೇ ಕಳೆದಿದ್ದೆ.

ಕತ್ತಲಾಗುವ ಮೊದಲೇ ಅದನ್ನು ಬೋರೆಯ ಒಂದು ರೆಂಬೆಯ ಮೇಲೆ ಕೂರಿಸಿ, ಬೆಕ್ಕು ಮುಟ್ಟದ ಹಾಗೆ, ವಾಸನೆ ಮಾತ್ರ ಹೊರಹೋಗುವ ಹಾಗೆ ತಿಂಡಿ ಮುಚ್ಚುವ ಜಾಲರಿಯನ್ನು ಮೇಲೆ ಕಟ್ಟಿ ಬಂದೆವು. ಬೆಳಕು ಹರಿಯುವಾಗ ಹೋಗಿ ನೋಡಿದರೆ ಜಾಲರಿಯ ಹೊರಗೆ ಇನ್ನೊಂದು ಪತಂಗ ಅಂಟಿಕೊಂಡಿತ್ತು. ಗರಿಯಂಥ ಮೀಸೆ, ಅಂಚು ಹರಿದ ರೆಕ್ಕೆ. ಯಾವ ಬೆಟ್ಟ ದಾಟಿ ಬಂದಿತ್ತೋ ಪಾಪ! ಓಡಿಹೋಗಿ ಮಗಳನ್ನು ಎಬ್ಬಿಸಿದೆ.

"ಜಾಲರಿ ತೆಗೆಯುವಾಗ ಎರಡೂ ಹಾರಿಹೋದ್ರೆ?" ಎಂದಳು.

"ನೀನೇ ತೆಗಿ. ನನ್ನ ಕೈಗುಣ ನಿಂಗೆ ಗೊತ್ತುಂಟಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಇಲ್ಲ ಅಮ್ಮ, ನೀನೇ ತೆಗಿ."

ಗಂಟು ಬಿಚ್ಚಿ ಜಾಲರಿಯನ್ನು ಎತ್ತಿದೆ. ಗಂಡು ಅಂಚಿನಿಂದ ರೆಂಬೆಗೆ ಇಳಿದು ನಡೆದುಕೊಂಡೇ ಹೆಣ್ಣಿನ ಹತ್ತಿರ ಹೋಯಿತು. ಇಡೀ ದಿನ ಎರಡೂ ಒಂದಾಗಿ ಅಲ್ಲೇ ತೂಗಾಡಿದವು. ನಾನು ಅಡುಗೆ ಮಾಡಿದ್ದು ಅನ್ನ, ಸಾರು ಮಾತ್ರ.

ಸಂಜೆ ಗಂಡು ಹಾರಿಹೋಯಿತು. ಹೆಣ್ಣು ಎಲೆಯಿಂದ ಎಲೆಗೆ ಸರಿಯುತ್ತ ಮೊಟ್ಟೆ ಇಡತೊಡಗಿತು. ಮಗಳು ಸದ್ದಿಲ್ಲದೆ ಬಂದು ನನ್ನ ಕೈ ಹಿಡಿದುಕೊಂಡಳು. ಅವಳು ಹಾಗೆ ಹಿಡಿಯದೆ ಎಷ್ಟೋ ದಿನವಾಗಿತ್ತು. ಪೂರ್ತಿ ಕತ್ತಲಾಗುವವರೆಗೂ ಬಿಡಲಿಲ್ಲ.