ಸಂಜೆ ನಾಲ್ಕರ ನಂತರ ಕೆಡುವ ಫ್ಯಾನ್

2023ರ ಬೇಸಿಗೆ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನಾನು ಜೇವರ್ಗಿಯಲ್ಲೇ ನೆಲೆಸಿದ್ದೆ. ಕೈ ಸುಮ್ಮನಿರದೆ, ಮನೆಯ ಉಪಕರಣಗಳನ್ನು ಫೋನಿನಿಂದ ನಡೆಸುವ ಓಪನ್ ಸೋರ್ಸ್ ತಂತ್ರಾಂಶದ ಬೆನ್ನು ಹತ್ತಿದ್ದೆ. ಯಾರು ಬೇಕಾದರೂ ತೆರೆದು ತಿದ್ದಿಕೊಳ್ಳಬಹುದಾದ ತಂತ್ರಾಂಶವದು. ನನ್ನ ಹೆಂಡತಿಯ ಪ್ರಕಾರ ನನ್ನ ಎರಡನೇ ಸಂಸಾರ.

ಆಗ ಇದರ ಸುದ್ದಿ ಕೇಳಿ ಹತ್ತಿರದ ಕೊಳಕೂರಿನಿಂದ ಮಹಾದೇವಿ ಎಂಬಾಕೆ ಬಂದರು. ಅವರ ಗಂಡ ಶರಣಪ್ಪ ಬೋರ್‌ವೆಲ್ ಲಾರಿಯ ಮೇಲಿಂದ ಬಿದ್ದು, ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡು ನಾಲ್ಕು ವರ್ಷವಾಗಿತ್ತು. ಇಂಥವರು ಬೆವರುವುದಿಲ್ಲ, ಗಾಳಿಯಿಲ್ಲದಿದ್ದರೆ ಮೈ ಕಾವೇರುತ್ತದೆ. ಆಕೆಗೆ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತ್ತು. ಹಗಲು ಆಗಾಗ ಇಣುಕಿ ನೋಡಲು ಪಕ್ಕದ ಮನೆಯ ನೆಗೆಣ್ಣಿ ಒಪ್ಪಿದ್ದಳು.

“ಪಂಖಾ ಒಂದು ಅವ್ರು ತಾವೇ ಹಚ್ಚಿಕೊಂಡ್ರ ನಾ ಸಾಲಿಗಿ ಹೋಗ್ತೇನ್ರಿ,” ಎಂದರು.

ಅವರದು ರಿಮೋಟಿನ ಫ್ಯಾನ್. ರಿಮೋಟ್ ಬಕೆಟ್ಟಿಗೆ ಬಿದ್ದು ಕೆಟ್ಟಿದ್ದರಿಂದ ಗೋಡೆಯ ಸ್ವಿಚ್ಚೇ ಗತಿ. ರಿಮೋಟ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮಿಟುಕಿಸುತ್ತದೆ. ಎಷ್ಟು ಹೊತ್ತು ಬೆಳಗಿತು, ಎಷ್ಟು ಹೊತ್ತು ಆರಿತು ಎಂಬುದೇ ಅದರ ಕೋಡ್. ಆ ಫ್ಯಾನಿನ ಕೋಡ್ ಅಂತರ್ಜಾಲದ ಪಟ್ಟಿಯೊಂದರಲ್ಲಿ ಸಿಕ್ಕಿತು, ಆದರೆ ಹದಿನಾರರ ಎಣಿಕೆಯಲ್ಲಿ. ಅಲ್ಲಿಯ 0156 ಎಂದರೆ ನಮ್ಮ 342, ಅದನ್ನು ಬೆಳಕಿನ ಒಂದು ಮಿಡಿತದ ಅವಧಿಯಾದ 26.3ರಿಂದ ಗುಣಿಸಿದರೆ ಸುಮಾರು 9,000 ಮೈಕ್ರೋಸೆಕೆಂಡ್. ಒಂದೊಂದು ಬಟನ್ನಿಗೂ ಇಂಥ 68 ಸಂಖ್ಯೆಗಳನ್ನು, ಫೋನಿನ ಆಜ್ಞೆ ಪಡೆದು ರಿಮೋಟಿನಂತೆ ಬೆಳಕು ಮಿಟುಕಿಸುವ ನನ್ನ ಪುಟ್ಟ ಸಾಧನಕ್ಕೆ ತಿಳಿಯುವಂತೆ ಬದಲಿಸಬೇಕಿತ್ತು. ಎಲ್ಲೋ ಒಂದು ತಪ್ಪಿ, ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಮೂರನೇ ದಿನ ಸರಿಹೋಯಿತು.

“ಪಂಖಾ ಹಚ್ಚು,” ಎಂದು ಶರಣಪ್ಪ ಫೋನಿಗೆ ಹೇಳಿದ. ಫ್ಯಾನ್ ತಿರುಗಿತು. ನಾಲ್ಕು ವರ್ಷದಲ್ಲಿ ತಾನೇ ಮಾಡಿದ ಮೊದಲ ಕೆಲಸ ಎಂದು ಅತ್ತುಬಿಟ್ಟ. ನಾನೂ ಕನ್ನಡಕ ಒರೆಸಿಕೊಂಡೆ. ಸುಳ್ಳೇಕೆ, ಜಂಬವೂ ಬಂತು.

ಎರಡು ತಿಂಗಳ ನಂತರ ಅವನೇ ಬಾಯಿಮಾತಿನಿಂದ ಫೋನ್ ಹಚ್ಚಿ ನನ್ನನ್ನು ಕರೆಸಿದ. ಮಹಾದೇವಿ ಶಾಲೆಗೆ ಹೋಗಿದ್ದರು.

“ಸರ್, ಸಂಜಿ ನಾಕರ ಮ್ಯಾಲ ಪಂಖಾ ನನ್ನ ಮಾತು ಕೇಳಬಾರ್ದು. ಹಂಗ ಮಾಡ್ರಿ.”

“ಯಾಕಪಾ?”

“ಮೊದ್ಲು ಪಂಖಾ ಅಂತ ಹತ್ತ್ ಸಲ ಕರೀತಿದ್ದೆ. ಬಂದಾಕಿ ಎರಡು ಮಾತಾಡಿ ಹೋಗ್ತಿದ್ಳು. ಈಗ ನಾಕಕ್ಕ ಸಾಲಿಯಿಂದ ದಣಿದು ಬಂದು ಹೊರಗ ಕುಂದರ್ತಾಳ್ರಿ. ಸುಮ್ನ ಬಾ ಅಂತ ಹ್ಯಾಂಗ ಕರೀಲಿ?”

ದಣಿದ ಹೆಂಗಸನ್ನು ಸುಳ್ಳು ನೆಪದಿಂದ ಏಳಿಸುವುದು ನನಗೆ ಅನ್ಯಾಯವೆನಿಸಿತು. ಆದರೆ ಅವನ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಅವನ ಮಾತಿಗೆ ಕೋಡ್ ಹೋಗದಂತೆ ತಂತ್ರಾಂಶದಲ್ಲಿ ನಿಯಮ ಬರೆದೆ. ಆಕೆಯ ನಿದ್ದೆ ಕೆಡದಿರಲೆಂದು ಒಂಬತ್ತರ ಮಿತಿ ಹಾಕಿದವನು ನಾನು. ಮಹಾದೇವಿಗೆ, “ಸಂಜಿಮುಂದ ನೆಟ್‌ವರ್ಕ್ ಇರಂಗಿಲ್ರಿ,” ಎಂದು ಸುಳ್ಳು ಹೇಳಿದೆ.

ಮರುವರ್ಷ, ಮಲಗಿದಲ್ಲೇ ಇದ್ದು ಆದ ಬೆನ್ನಿನ ಹುಣ್ಣು ನಂಜಾಗಿ ಶರಣಪ್ಪ ತೀರಿಕೊಂಡ. ತಿಂಗಳಾದ ಮೇಲೆ ಮಹಾದೇವಿ ಕರೆಸಿ, ಬೇರೆ ಯಾರಿಗಾದರೂ ಬಳಕೆಯಾಗಲಿ ಎಂದು ಸಾಧನವನ್ನು ನನ್ನ ಕೈಗಿತ್ತರು. ಸುಳ್ಳು ಒಳಗೇ ಕೊರೆಯುತ್ತಿತ್ತು. ತಡೆಯಲಾರದೆ ಒಪ್ಪಿಕೊಂಡೆ.

“ಗೊತ್ತಿತ್ರಿ ಸರ್. ದಿನಾ ಒಂಬತ್ತಕ್ಕ ಬರೋಬ್ಬರಿ ಬರೋ ನೆಟ್‌ವರ್ಕ್ ಯಾವ್ದ್ರಿ?” ಎಂದು ನಕ್ಕರು.

“ಮತ್ತ ಕೇಳಲಿಲ್ಲ ಯಾಕ್ರಿ?”

ನಗು ನಿಂತಿತು. “ಕೇಳಿದ್ರ ಅವ್ರು ನಾಚಿಕೊಂಡು ಕರೆಯೋದೇ ಬಿಡ್ತಿದ್ರು,” ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹುಡುಗರಿಗೆ ಮೂವತ್ತು ವರ್ಷ ದೋಷ ಹುಡುಕುವುದನ್ನು ಕಲಿಸಿದವನು ನಾನು. ಆ ಮನೆಗೆ ಮೊದಲ ದಿನ ಹೋದಾಗ ಫ್ಯಾನನ್ನಷ್ಟೇ ನೋಡಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಈಗ ಯಾರೇ ಕರೆದರೂ ಚೀಲದಿಂದ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಕೇಳುತ್ತೇನೆ: “ಇಲ್ಲಿತನಕ ಇದನ್ನ ಯಾರು ಹಚ್ಚಿಕೊಡ್ತಿದ್ರು?”