ನಿಧಾನ ಸಲ್ಲದ ಎತ್ತರ

ಯಸಳೂರಿನ ಆಚೆಯ ಎಸ್ಟೇಟೊಂದರಲ್ಲಿ ನಾನು ಜೀಪ್ ಡ್ರೈವರ್. ಓದಿದ್ದು ಐದನೇ ಕ್ಲಾಸು. ಆದರೆ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದಷ್ಟು ವರ್ಷವೂ ಗಾಡಿಗೆ ಒಂದು ಗೀರು ಬೀಳಿಸಿದವನಲ್ಲ. ಅದನ್ನೇ ಹೇಳಿಕೊಂಡು ತಿರುಗುತ್ತೇನೆಂದೋ ಏನೋ, ಕೂಲಿ ಲೈನಿನ ಮನೆಗಳ ಜನ ನನ್ನ ಹತ್ತಿರ ಕೂರುವುದು ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ ನಾನು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಎಸ್ಟೇಟಿನ ಒಡತಿ ಅಮ್ಮನ ಅಣ್ಣನ ಜೊತೆ ಮಾತ್ರ. ನಮಗೆಲ್ಲ ಅವರು ಸಾಹೇಬರು. ಅವರು ದೊಡ್ಡ ಜೆಟ್ ವಿಮಾನ ಹಾರಿಸಿ ನಿವೃತ್ತರಾದವರು. ಮರೆವಿನ ಕಾಯಿಲೆ ಬಂದು ತಂಗಿಯ ಮನೆ ಸೇರಿದ್ದರು. ಮಧ್ಯಾಹ್ನ ಅವರನ್ನು ಜೀಪಿನಲ್ಲಿ ಗುಡ್ಡದ ತುದಿಯವರೆಗೆ ಸುತ್ತಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ.

ಒಂದು ದಿನ ವಾಪಸ್ ಬಂದಾಗ ಬಂಗಲೆಯ ಬಾಗಿಲಿಗೆ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಅದು ಸರಿಯುವ ತನಕ ಎಂದು ಕಾಫಿ ಒಣಗಿಸುವ ಕಣದ ಸುತ್ತ ಜೀಪು ತಿರುಗಿಸತೊಡಗಿದೆ. ಅವರ ಮುಖ ಬಿಳಿಚಿಕೊಂಡಿತು. ಇಳಿಯಲು ಅಪ್ಪಣೆ ಸಿಗದೆ ಆಕಾಶದಲ್ಲಿ ಸುತ್ತುತ್ತಿದ್ದೇವೆ ಅಂದುಕೊಂಡಿದ್ದರು.

"ಸ್ಪೀಡ್ ನೋಡು," ಅಂದರು.

"ಹೆದರ್‍ಬ್ಯಾಡಿ ಸಾರ್, ಇನ್ನೂ ಸ್ಲೋ ಮಾಡ್ತೀನಿ."

"ಮಾಡ್ಬೇಡ! ಬಿದ್ದು ಹೋಗ್ತೀವಿ!" ಎಂದು ಕೂಗಿ ಸ್ಟೇರಿಂಗಿಗೇ ಕೈ ಹಾಕಿದರು. ಜೀಪು ಚರಂಡಿಗೆ ಇಳಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಜಗಲಿಯಿಂದ ನೋಡಿದ ಅಮ್ಮ, "ನಾಳೆಯಿಂದ ಜೀಪು ಸವಾರಿ ಸಾಕು ಕಣೋ," ಅಂದುಬಿಟ್ಟರು.

ಬೆಳಗಿನ ಹೊತ್ತು ಸಾಹೇಬರ ತಲೆ ತಿಳಿಯಾಗಿರುತ್ತಿತ್ತು. ಮರುದಿನ ಹೋಗಿ, ನಿಧಾನ ಹೋದರೆ ಬೀಳುವುದು ಹೇಗೆ ಎಂದು ಕೇಳಿದೆ.

"ಮೇಲೆ ಗಾಳಿ ತೆಳು ಕಣಯ್ಯ. ನಿಧಾನ ಆದ್ರೆ ರೆಕ್ಕೆಗೆ ಹಿಡಿತ ಸಿಗಲ್ಲ, ಜೋರಾದ್ರೆ ವಿಮಾನ ನಡುಗುತ್ತೆ. ಮಧ್ಯೆ ಉಳಿಯೋದು ಇಷ್ಟು ಜಾಗ," ಎಂದು ಎರಡು ಅಂಗೈ ಹತ್ತಿರ ಹಿಡಿದರು. "ಸುತ್ತು ಹೊಡೆಯುವಾಗ ಅದೂ ಕಮ್ಮಿ. ಇಂಧನ ಉಳಿಯುತ್ತೆ ಅಂತ ಸ್ಪೀಡ್ ಇಳಿಸಬಾರದು. ಜಾಗ ಸಾಲದಿದ್ರೆ ಕೆಳಗೆ ಬರೋಕೆ ಅಪ್ಪಣೆ ಕೇಳ್ಬೇಕು. ಕೆಳಗೆ ಗಾಳಿ ದಟ್ಟ."

ಘಾಟಿಯಲ್ಲಿ ನನ್ನನ್ನು ಬದುಕಿಸಿದ್ದೇ ನಿಧಾನ. ಅದನ್ನೇ ಅವರಿಗೂ ಕೊಡಲು ಹೋಗಿ ಹೆದರಿಸಿದ್ದೆ.

ಅಮ್ಮನ ಹತ್ತಿರ ಹೋದೆ. "ಇನ್ನೊಂದ್ಸಲ ಬುಡಿ ಅಮ್ಮಾರೇ. ಏನ್ ಹೇಳ್ಬೇಕು ಅಂತ ಗೊತ್ತಾಗೈತೆ."

"ಏನೋ, ವಿಮಾನದ ಲೈಸೆನ್ಸೂ ಬಂತಾ ನಿಂಗೆ?" ಎಂದು ನಕ್ಕರು. "ಇದೊಂದೇ ಸಲ. ನಾನು ಇಲ್ಲೇ ನಿಂತು ನೋಡ್ತೀನಿ."

ಆ ಮಧ್ಯಾಹ್ನ ಕಣದ ತಿರುವಿಗೆ ಬರುತ್ತಿದ್ದಂತೆ ಸಾಹೇಬರ ಕೈ ಮತ್ತೆ ಸ್ಟೇರಿಂಗಿನ ಕಡೆ ಎದ್ದಿತು. "ಸ್ಪೀಡ್!"

"ಇಳಿಸಾಕಿಲ್ಲ ಸಾರ್. ಜಾಗ ಸಾಲ್ದು. ಕೆಳಕ್ಕೆ ಬರಾಕೆ ಅಪ್ಪಣೆ ಕೇಳ್ಲಾ?"

ಕೈ ಅಲ್ಲೇ ನಿಂತಿತು. "ಕೇಳು."

ತಲೆ ಹೊರಗೆ ಹಾಕಿ, "ಅಮ್ಮಾರೇ, ಕೆಳಕ್ಕೆ ಬರಬೋದಾ?" ಎಂದು ಕೂಗಿದೆ.

ಅಮ್ಮನಿಗೆ ಏನೂ ತಿಳಿಯಲಿಲ್ಲ. "ಬನ್ನಿ ಮಾರಾಯ್ರೆ, ಕಾಫಿ ಆರಿಹೋಗ್ತಾ ಇದೆ!" ಅಂದರು.

ಸಾಹೇಬರು ಬೆನ್ನು ಸೀಟಿಗೆ ಒರಗಿಸಿದರು. ಬಾಗಿಲಲ್ಲಿ ತಾವೇ ಇಳಿದು, ಜೊತೆಯಲ್ಲಿ ವಿಮಾನ ಹಾರಿಸಿದವನ ಕೈ ಕುಲುಕುವಂತೆ ನನ್ನ ಕೈ ಕುಲುಕಿದರು.

"ನಾಳೆಯೂ ಕರ್ಕೊಂಡು ಹೋಗೋ," ಅಂದರು ಅಮ್ಮ.

ಸಾಹೇಬರು ಇನ್ನೂ ನನ್ನ ಮುಖ ನೋಡುತ್ತಿದ್ದರು. "ಚೆನ್ನಾಗಿ ಮಾಡಿದಿರಿ. ತಾವು ಯಾರು, ಯಾವ ಊರಿನವರು?"

"ಆಲೂರು ಕಡೆಯೋನು ಸಾರ್," ಎಂದೆ. ಅವರು ಒಳಗೆ ಹೋದರು. ನಾನು ಜೀಪು ಶೆಡ್ಡಿಗೆ ಬಿಟ್ಟೆ.